ಹೆಣದ ಬಟ್ಟೆ ಉಟ್ಟವರ ಕಾಡು

ಹುಮನಾಬಾದ್, ಜನವರಿ 6, 2003

ಶ್ರೀಲಂಕೆಗೆ ಹೊರಟವರು ನಾವು ಹತ್ತೊಂಬತ್ತು ಜನ. ಹನ್ನೊಂದು ಗಂಡಸರು, ಎಂಟು ಹೆಂಗಸರು. ಬಸವಕಲ್ಯಾಣ ತಾಲ್ಲೂಕಿನ ಹಳ್ಳಿಗಳವರು ಹನ್ನೆರಡು, ಹುಮನಾಬಾದಿನವರು ಏಳು. ಇವರಲ್ಲಿ ಸಮುದ್ರ ನೋಡಿದ್ದವರು ಮೂವರು, ವಿಮಾನ ಹತ್ತಿದ್ದವರು ಒಬ್ಬರು. ಆ ಒಬ್ಬರೇ ನಮ್ಮನ್ನೆಲ್ಲ ಕರೆದುಕೊಂಡು ಹೊರಟ ಕಾಂಬಳೆ ಮಾಸ್ತರರು. ಹೈಸ್ಕೂಲಿನಿಂದ ನಿವೃತ್ತರಾದವರು. ಬುದ್ಧನ ದಾರಿ ಹಿಡಿದ ನಮ್ಮ ಭಾಗದ ಮನೆಗಳಲ್ಲಿ ಮದುವೆಯಾಗಲಿ, ಮಣ್ಣಾಗಲಿ ಅವರೇ ಮುಂದೆ ನಿಂತು ಮಾಡಿಸುತ್ತಿದ್ದರು. ನಾನು ಆಗ ಶಿಕ್ಷಕರ ತರಬೇತಿಯ ಎರಡನೆಯ ವರ್ಷದಲ್ಲಿದ್ದೆ. ಎಂಟನೆಯ ತರಗತಿಯಿಂದ ಒಂದು ದಿನವೂ ತಪ್ಪಿಸದೆ ಡೈರಿ ಬರೆಯುವವಳು ಎಂಬುದು ಅವರಿಗೆ ಗೊತ್ತಿತ್ತು. "ಹ್ಯಾಂಗೂ ಎಲ್ಲಾ ಬರಕೋತಿ ಸುಜಾತಾ, ತಲಿ ಎಣಸೋದೂ ನೀನೇ ನೋಡ್ಕೋ," ಎಂದು ಆ ಕೆಲಸ ನನಗೆ ಒಪ್ಪಿಸಿದರು.

ನಾನು ಹೋದದ್ದು ಮುತ್ಯಾನ ಸಲುವಾಗಿ. ಮುತ್ಯಾ ಎಂದರೆ ನಮ್ಮವ್ವನ ಅಪ್ಪ, ಮಾಣಿಕ. ವಯಸ್ಸು ಎಪ್ಪತ್ತಮೂರು ಇರಬೇಕು, ಅದೂ ಅಂದಾಜು. ನಾರಾಯಣಪುರದ ಆಚೆಯ ಹಳ್ಳಿಯವನು. ಅಜ್ಜಿ ತೀರಿಕೊಂಡ ಮೇಲೆ ಹುಮನಾಬಾದಿನ ನಮ್ಮ ಮನೆಯಲ್ಲಿಯೇ ಇದ್ದ. ಬಿಳಿ ಧೋತರ, ತಲೆಗೆ ಪಟಗ, ಮೇಲಕ್ಕೆ ತಿರುವಿದ ದಪ್ಪ ಮೀಸೆ. ಹಿಂದಿನ ವರ್ಷ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಒಂದು ದಿನ ಊಟಕ್ಕೆ ಕುಳಿತಾಗ, "ನಾ ಲಂಕಾಕ್ಕ ಹೋಗಿ ಚೀವರ ತೊಡ್ತೀನಿ. ಹೊಳ್ಳಿ ಬರಂಗಿಲ್ಲ," ಎಂದ. ಚೀವರ ಅಂದರೆ ಭಿಕ್ಷುಗಳು ಉಡುವ ಕಾವಿ ಬಟ್ಟೆ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ.

ಅಲ್ಲಿನ ಒಂದು ವಿಹಾರದಲ್ಲಿ ದೀಕ್ಷೆಗೆ ಜನವರಿ 14 ಎಂದು ಮಾಸ್ತರರು ಗೊತ್ತು ಮಾಡಿದ್ದರು. ದೀಕ್ಷೆ ಕೇಳುವ ಪಾಲಿ ಮಾತುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ತಂದುಕೊಟ್ಟಿದ್ದರು. ಓದು ಬಾರದ ಮುತ್ಯಾ ಅದನ್ನು ಕೇಳಿಯೇ ಬಾಯಿಪಾಠ ಮಾಡಿದ. ಮೂರು ತಿಂಗಳಲ್ಲಿ ನನ್ನ ಮುಂದೆ 212 ಸಲ ಹೇಳಿದ್ದಾನೆ, ತಪ್ಪಿಲ್ಲದೆ ಹೇಳಿದ್ದು 171 ಸಲ. ಅರ್ಥ ನಾನೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಅವ್ವ ನನ್ನನ್ನು ಬದಿಗೆ ಕರೆದಳು. "ಅಂವ ಅಲ್ಲೇ ಕುಂತ್ರ ನಾಳೆ ಸತ್ತಾಗ ಮಾರಿ ನೋಡೋರು ಯಾರವಾ? ಹ್ಯಾಂಗರ ಮಾಡಿ ಕರಕೊಂಡು ಬಾ."

"ನಾ ಹೇಳಿದ್ರ ಕೇಳ್ತಾನೇನವಾ?"

"ನೀ ಓದಿದಾಕಿ. ನಿನಗ ಹಾದಿ ಸಿಗ್ತದ."

ಮುತ್ಯಾನ ಕಿವಿ ಚುರುಕು. ಕಿಟಕಿಯಿಂದ ಬಗ್ಗಿ, "ಏ ಹುಚ್ಚಿ, ಅಕಿಗ್ಯಾಕ ಪಹರೇದಾಕಿ ಮಾಡಾಕತ್ತಿ? ನನ್ನ ಸೀಟು ಖಾಲಿ ಬಂದ್ರ ಅಕಿ ಕಾಲು ಚಾಚಿ ಮಕ್ಕೋತಾಳ ಬಿಡು," ಎಂದು ಮಗಳನ್ನು ಅಣಕಿಸಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅನುರಾಧಪುರದ ದಾರಿ, ಜನವರಿ 9 ಮತ್ತು 10

ಕೊಲಂಬೊದಿಂದ ನಮ್ಮನ್ನು ಹೊತ್ತು ತಿರುಗಿದ ಬಸ್ಸಿನ ಚಾಲಕ ಸುನಿಲ್. ದುಬೈಯಲ್ಲಿ ಆರು ವರ್ಷ ಹೈದರಾಬಾದಿನವರ ಜೊತೆ ಒಂದೇ ಕೋಣೆಯಲ್ಲಿ ಇದ್ದವನು. ಹಾಗಾಗಿ ಸಮುದ್ರ ದಾಟಿ ಬಂದ ಮೇಲೆ ನಮಗೆ ಸಿಕ್ಕ ಮೊದಲ ಮನುಷ್ಯ ನಮ್ಮ ಕಡೆಯ ಉರ್ದು ಮಾತಾಡಿದ. ಮುತ್ಯಾ ನಿಜಾಮನ ಕಾಲದಲ್ಲಿ ಹುಟ್ಟಿದವನು, ಅವನಿಗೂ ಅದು ಸಲೀಸು. "ಚಾಚಾ, ಹಳ್ಳೂ ಉತರೋ," ಮೆಲ್ಲಗೆ ಇಳಿಯಿರಿ ಎಂದು ಸುನಿಲ್ ಕೈ ಕೊಟ್ಟರೆ, "ನಕ್ಕೋ ಬಾಬಾ, ನಾ ಇನ್ನ ಮುದುಕ ಆಗಿಲ್ಲ," ಎಂದು ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಕೈ ಕೊಡವುತ್ತಿದ್ದ.

ಈ ದೇಶದ ಒಳಯುದ್ಧ ನಿಂತು ಇನ್ನೂ ವರ್ಷ ತುಂಬಿರಲಿಲ್ಲವಂತೆ. ಎರಡು ದಿನದಲ್ಲಿ ಹದಿನೇಳು ತಪಾಸಣೆಯ ಠಾಣೆಗಳನ್ನು ದಾಟಿದೆವು. ಐದರಲ್ಲಿ ಮರಳಿನ ಚೀಲಗಳಷ್ಟೇ ಉಳಿದಿದ್ದವು, ಅವುಗಳ ಮೇಲೆ ಹುಲ್ಲು ಬೆಳೆದಿತ್ತು. ಉಳಿದ ಕಡೆ ಕೋವಿ ಹಿಡಿದ ಹುಡುಗರು ಬಸ್ಸಿನೊಳಗೆ ಇಣುಕಿ ಮುತ್ಯಾನ ಮೀಸೆ ನೋಡಿ ನಗುತ್ತಿದ್ದರು.

ಇಲ್ಲಿನವರು ಗುಡಿಗೆ ಹೋಗುವಾಗ ಬಿಳಿ ಬಟ್ಟೆ ಉಡುತ್ತಾರೆ. ಮಾತು ಮೆಲ್ಲಗೆ. ಯಾರ ಮನೆಗೆ ಹೋದರೂ ಮೊದಲು ವೀಳ್ಯದೆಲೆಯ ಕಟ್ಟು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ನಮ್ಮ ಕಡೆ ಬಸ್ಸಿನಲ್ಲಿ ಇಬ್ಬರು ಸುಖದುಃಖ ಮಾತಾಡಿದರೆ ಉಳಿದವರಿಗೆ ಜಗಳವೆನಿಸುತ್ತದೆ. ಇಲ್ಲಿ ನಮ್ಮ ಹತ್ತೊಂಬತ್ತು ಬಾಯಿ ಕೇಳಿ ಅಂಗಡಿಯವರು ಹೊರಗೆ ಬಂದು ನಿಲ್ಲುತ್ತಿದ್ದರು.

ರೊಟ್ಟಿ ಕೈಕೊಟ್ಟಿತು. ಎಂಟು ಹೆಂಗಸರೂ ಸೇರಿ 260 ಖಡಕ್ ರೊಟ್ಟಿ ತಂದಿದ್ದೆವು. ನಮ್ಮೂರಿನಲ್ಲಿ ತಿಂಗಳಿಟ್ಟರೂ ಮುರಿದರೆ ಸದ್ದು ಬರುವ ರೊಟ್ಟಿ, ಇಲ್ಲಿನ ಗಾಳಿಗೆ ಎರಡೇ ದಿನದಲ್ಲಿ ಒದ್ದೆ ಚರ್ಮದ ಹಾಗೆ ಮೆತ್ತಗಾಯಿತು. ಮೂರನೆಯ ದಿನ ಹಸಿರು ಬೂಷ್ಟು. 118 ರೊಟ್ಟಿಗಳನ್ನು ದಾರಿಯ ಮಂಗಗಳಿಗೆ ಹಾಕಿದೆವು. ಅವೂ ಮೂಸಿ ಬಿಟ್ಟವು.

ಅನುರಾಧಪುರದಲ್ಲಿ ಮುತ್ಯಾ ಎರಡು ಸಾವಿರ ವರ್ಷದ ಬೋಧಿವೃಕ್ಷದ ಮುಂದೆ ಹಣೆ ನೆಲಕ್ಕೆ ಹಚ್ಚಿದವನು ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೆ ಹೇಳಿದ್ದು ಇಷ್ಟೇ: "ನಾರಾಯಣಪುರದ ಗುಡಿ ಕಲ್ಲು ಎಷ್ಟ್ ಛಂದ ಕೆತ್ಯಾರ ಅಂತಾರ, ನಮ್ಮಪ್ಪ ಒಳಗ ನೋಡ್ಲಾರದೇ ಸತ್ತ. ಇಲ್ಲಿ ಯಾರೂ ನನ್ನ ಊರು ಕೇಳಲಿಲ್ಲ, ಕೇರಿ ಕೇಳಲಿಲ್ಲ. ಇಲ್ಲೇ ಇರ್ತೀನವಾ ಸುಜಾ."

ಅಂದಿನ ಪುಟದಲ್ಲಿ ನಾನು ಬರೆದಿರುವುದು: ದೀಕ್ಷೆಗೆ ನಾಲ್ಕು ದಿನ. ಹಾದಿ ಸಿಕ್ಕಿಲ್ಲ.

ರಿಟಿಗಲ, ಜನವರಿ 12, ಬೆಳಿಗ್ಗೆ

ರಿಟಿಗಲ ಒಂದು ಬೆಟ್ಟ, ಅದರ ಸುತ್ತ ಸರ್ಕಾರ ಕಾಯುವ ದಟ್ಟ ಕಾಡು. ಬಯಲಿನ ನಡುವೆ ಒಂದೇ ಒಂದು ಎತ್ತರ. ಕೆಳಗೆ ಬಿಸಿಲಿದ್ದರೂ ತುದಿಗೆ ಮೋಡ ಕಚ್ಚಿಕೊಂಡಿರುತ್ತದೆ. ಹನುಮಂತ ಸಂಜೀವಿನಿ ಪರ್ವತ ಹೊತ್ತು ಹಾರುವಾಗ ಉದುರಿದ ತುಂಡು ಇದು, ಅದಕ್ಕೇ ಇಷ್ಟು ಔಷಧದ ಗಿಡಗಳು ಎಂದು ಸುನಿಲ್ ಹೇಳಿದ.

"ಅಲ್ಲಿ ಹನುಮಪ್ಪನ ಗುಡಿ ಹೊರಗ ನಿಂತು ಸಾಕಾಗಿ ಇಲ್ಲಿಗಿ ಬಂದ್ರ ಅಂವ ನಮಗಿಂತ ಮೊದಲೇ ಬಂದಾನಲ್ಲೋ," ಎಂದ ಮುತ್ಯಾ. ಬಸ್ಸೆಲ್ಲ ನಕ್ಕಿತು. ಈ ಪ್ರವಾಸದಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಕಾಡಿನ ಬಾಗಿಲಲ್ಲಿ ಅರಣ್ಯದ ಕಾವಲುಗಾರ ಜೊತೆಯಾದ. ಐವತ್ತರ ಗಂಡಸು, ಇಂಗ್ಲಿಷ್ ಬಲ್ಲವನು. ಅವನು ಹೇಳಿದ್ದನ್ನು ಮಾಸ್ತರರು ಕನ್ನಡದಲ್ಲಿ ಹೇಳುತ್ತಿದ್ದರು. ನಮ್ಮಲ್ಲಿ ಇಂಗ್ಲಿಷ್ ತಿಳಿಯುತ್ತಿದ್ದದ್ದು ಅವರಿಗೆ ಮತ್ತು ನನಗೆ ಮಾತ್ರ.

ಮೊದಲು ಸಿಗುವುದು ದೊಡ್ಡ ಕೊಳ. ನಮ್ಮ ಬಸವಕಲ್ಯಾಣದ ತ್ರಿಪುರಾಂತ ಕೆರೆಯಷ್ಟು ಅಗಲವಿಲ್ಲ, ಆದರೆ ಸುತ್ತಲೂ ಕಲ್ಲಿನ ಮೆಟ್ಟಿಲು. ನೀರು ಬತ್ತಿ ನಡುವೆ ಮರಗಳೆದ್ದಿವೆ. ಅಲ್ಲಿಂದ ಕಲ್ಲುಹಾಸಿನ ದಾರಿ ಬೆಟ್ಟ ಹತ್ತುತ್ತದೆ. ನಾನು 340 ಮೆಟ್ಟಿಲು ಎಣಿಸಿ ಬಿಟ್ಟೆ, ಮುಂದೆ ಬೇರುಗಳು ಕಲ್ಲನ್ನು ಎತ್ತಿ ಒಗೆದಿದ್ದವು. ಎಲ್ಲಿಯೂ ಬಿಸಿಲು ನೆಲಕ್ಕೆ ಬೀಳುವುದಿಲ್ಲ. ಸಾವಿರ ವರ್ಷದ ಹಿಂದೆ ಭಿಕ್ಷುಗಳಿಗೆ ಮದ್ದು ಅರೆಯುತ್ತಿದ್ದ ದೊಡ್ಡ ಕಲ್ಲುಗಳು ಬಿದ್ದಿವೆ, ನಮ್ಮ ಮನೆಯ ಖಾರ ಅರೆಯುವ ಕಲ್ಲಿನ ಹಾಗೆಯೇ ನಡುವೆ ಸವೆದಿವೆ. ಮರದ ಮೇಲೆ ಮುಸುವಗಳು. ಆನೆಯ ಲದ್ದಿ ಮೂರು ಕಡೆ ಕಂಡಿತು. ಒಂದು ಇನ್ನೂ ಹಸಿಯಿತ್ತು. ಕಾವಲುಗಾರ ತುಟಿಗೆ ಬೆರಳಿಟ್ಟು ನಮ್ಮನ್ನು ಸುಮ್ಮನಾಗಿಸಿದ.

ಮೇಲೆ, ಕಾಡಿನ ನಡುವೆ, ಎತ್ತರದ ಕಟ್ಟೆಗಳು. ಎರಡೆರಡು ಜೋಡಿ, ನಡುವೆ ಕಲ್ಲಿನ ಸೇತುವೆ. ಒಂದರ ಮೇಲೂ ಬುದ್ಧನ ಮೂರ್ತಿ ಇಲ್ಲ. ಹೂವಿಲ್ಲ, ಬಳ್ಳಿಯಿಲ್ಲ, ಒಂದು ಗೆರೆ ಕೆತ್ತನೆಯಿಲ್ಲ. ಇಡೀ ಬೆಟ್ಟದಲ್ಲಿ ಕೆತ್ತನೆ ಇರುವುದು ಒಂದೇ ಬಗೆಯ ಕಲ್ಲಿಗೆ, ಮೂತ್ರ ಮಾಡುವ ಕಲ್ಲಿಗೆ. ಊರಿನ ಸಿರಿವಂತ ವಿಹಾರಗಳ ಬೆಡಗನ್ನು ತುಚ್ಛ ಮಾಡುವುದಕ್ಕೆ ಹಾಗೆ ಮಾಡಿದರೆಂದು ಕೆಲವರು ಹೇಳುತ್ತಾರಂತೆ. ಮುತ್ಯಾನಿಗೆ ಅದು ಬಹಳ ಹಿಡಿಸಿತು. "ಬರೋಬ್ಬರಿ ಮಾಡ್ಯಾರ," ಎಂದು ತೊಡೆ ತಟ್ಟಿಕೊಂಡ.

ಅನಂತರ ಕಾವಲುಗಾರ ಹೇಳಿದ: ಈ ಕಾಡಿನ ಭಿಕ್ಷುಗಳು ಯಾರೂ ಕೊಟ್ಟ ಹೊಸ ಬಟ್ಟೆ ಮುಟ್ಟುತ್ತಿರಲಿಲ್ಲ, ಸ್ಮಶಾನಕ್ಕೆ ಹೋಗಿ ಹೆಣದ ಮೇಲಿನ ಬಟ್ಟೆ ತಂದು, ಒಗೆದು, ಹೊಲಿದು ಉಡುತ್ತಿದ್ದರು. ಅದು ಅವರ ವ್ರತ.

ಮಾಸ್ತರರು ಮುತ್ಯಾನ ಕಡೆ ನೋಡಿ, "ಇಲ್ಲಿನ ಭಂತೇಜಿಗಳು ಹಳೇ ಅರಿವಿ ಉಡ್ತಿದ್ರಂತ. ಭಾಳ ಸಾದಾ ಜೀವನ," ಎಂದರು.

ಮುತ್ಯಾ ತಲೆಯಾಡಿಸಿದ. ಮಾಸ್ತರರು ನನ್ನತ್ತ ನೋಡಿದರು. ಹೇಳಬೇಡ ಎಂಬುದು ಅವರ ಕಣ್ಣಿನಲ್ಲಿತ್ತು. ಯಾಕೆ ಬೇಡ ಎಂಬುದು ನನಗೂ ತಿಳಿದಿತ್ತು. ಹಳ್ಳಿಯಲ್ಲಿ ಮುತ್ಯಾನ ಮನೆತನಕ್ಕೆ ಇದ್ದ ಚಾಕರಿ ಅದೇ: ಮೇಲಿನ ಮನೆಗಳಲ್ಲಿ ಸಾವಾದರೆ ಹತ್ತು ಊರಿಗೆ ಸುದ್ದಿ ಒಯ್ಯುವುದು, ಕುಣಿ ತೋಡುವುದು, ಕೂಲಿಯೆಂದು ಹೆಣದ ಮೇಲಿನ ಬಟ್ಟೆ ಪಡೆಯುವುದು. ಅದನ್ನೇ ಮನೆಯ ಹೆಂಗಸರು ಉಟ್ಟರು, ಮಕ್ಕಳು ಹೊದ್ದರು. ಬುದ್ಧನ ದಾರಿ ಹಿಡಿದ ದಿನ ಮುತ್ಯಾ ಆ ಚಾಕರಿ ಬಿಟ್ಟ. ಬಿಟ್ಟದ್ದಕ್ಕೆ ಎರಡು ವರ್ಷ ಊರಿನಲ್ಲಿ ಕೂಲಿ ಸಿಗಲಿಲ್ಲ.

ಆ ಹೊತ್ತಿನಲ್ಲಿ ನಾನು ಲೆಕ್ಕ ಹಾಕಿದೆ. ಇನ್ನು ಎರಡು ದಿನ. ಅವ್ವ ಹೇಳಿದ ಹಾದಿ ಇದೇ ಇರಬೇಕು. "ಬರೀ ಹಳೇ ಅರಿವಿ ಅಲ್ಲ ಮುತ್ಯಾ. ಹೆಣದ ಮ್ಯಾಲಿನ ಅರಿವಿ. ಸುಡುಗಾಡಿಗಿ ಹೋಗಿ ತರ್ತಿದ್ರಂತ," ಎಂದೆ. ನಿಜ ತಿಳಿಯಲಿ ಎಂದು ನಾನು ಹೇಳಲಿಲ್ಲ. ಮುತ್ಯಾ ತಿರುಗಿ ಬರಲಿ ಎಂದು ಹೇಳಿದೆ.

ಮುತ್ಯಾ ಕಟ್ಟೆಯ ಅಂಚಿಗೆ ಕುಳಿತ. "ಮಾಸ್ತರ, ಹುಡುಗಿ ಹೇಳಾಕತ್ತಿದ್ದು ಖರೆ ಏನ್ರಿ?"

"ಖರೆ ಅದರಿ ಮಾಣಿಕಪ್ಪ. ಆದ್ರ ಅದು ಅವಮಾನ ಅಲ್ಲ. ಬುದ್ಧ ಭಗವಾನರೂ ಅಂಥಾ ಅರಿವಿ ಉಟ್ಟಾರ. ಜನ ಒಗದಿದ್ದನ್ನ ಎತ್ತಿ ಮ್ಯಾಲಿಟ್ಟಾರ. ನಮ್ಮ ಹಿರೇರು ಉಟ್ಟಿದ್ದು ಚೀವರನೇ ಅಂತ ನಾ ತಿಳಕೋತೀನಿ."

"ನಿಮ್ಮಪ್ಪ ಉಟ್ಟಿದ್ದನೇನ್ರಿ?"

ಮಾಸ್ತರರ ತಂದೆ ಸೊಲ್ಲಾಪುರದಲ್ಲಿ ರೈಲ್ವೆ ನೌಕರ.

"ನಮ್ಮಪ್ಪ ಉಟ್ಟಿದ್ದ," ಎಂದ ಮುತ್ಯಾ. "ಅಂವ ಸತ್ತ ದಿನ ಮನ್ಯಾಗ ಒಂದು ಹೊಸಾ ಅರಿವಿ ಇದ್ದಿಲ್ಲ. ಎಂಟು ದಿನ ಹಿಂದ ಪಾಟೀಲರ ಮನಿ ಮುದುಕಿ ಸತ್ತಿದ್ಲು. ಅಕಿ ಮ್ಯಾಲಿಂದೇ ತೊಳದು ಇಟ್ಟಿದ್ವಿ. ಅದನ್ನೇ ಹೊಚ್ಚಿ ಮಣ್ಣು ಮಾಡಿದೆ. ಒಂದೇ ಅರಿವಿ ಎರಡು ಹೆಣಕ್ಕ ಬಂತು." ಆ ಖಾಲಿ ಕಟ್ಟೆಗಳ ಕಡೆ ಕೈ ಮಾಡಿ, "ಇವರು ರಾಜರ ಮಕ್ಕಳು. ಬೇಕಂತ ಹೋಗಿ ತಂದ್ರು. ಬ್ಯಾಡಾದ್ರ ಬಿಡತಿದ್ರು. ನಮ್ಮಪ್ಪಗ ಬಿಡಾಕ ಬರ್ತಿತ್ತೇನು?"

ಕಾವಲುಗಾರ ನಾವು ಏನು ಮಾತಾಡುತ್ತಿದ್ದೇವೆಂದು ನನ್ನನ್ನು ಕೇಳಿದ. ಮುದುಕನಿಗೆ ದಣಿವಾಗಿದೆ ಎಂದೆ.

ಕಾಡಿನ ಅಂಚಿನ ಹಳ್ಳಿ, ಅದೇ ದಿನ ಮಧ್ಯಾಹ್ನ

ಕಾಡಿನಿಂದ ಹೊರಟು ಮೂರು ಮೈಲಿ ಬಂದಿರಲಿಲ್ಲ, ದಾರಿಯ ಎರಡೂ ಕಡೆ ಬಿಳಿ ಪತಾಕೆಗಳು. ಬಲಕ್ಕೆ 31, ಎಡಕ್ಕೆ 33. ನಾವು ಹಬ್ಬವೆಂದುಕೊಂಡೆವು. ನಮ್ಮಲ್ಲಿ ಒಬ್ಬರು ಹಾಡು ಶುರು ಮಾಡಿದರು. ಸುನಿಲ್ ಗಾಬರಿಯಾಗಿ ಕೈ ಬೀಸಿ ನಿಲ್ಲಿಸಿದ. ಈ ದೇಶದಲ್ಲಿ ಸಾವಿಗೆ ಬಿಳಿ ಪತಾಕೆ ಕಟ್ಟುತ್ತಾರೆ.

ಗದ್ದೆ ಕಾಯಲು ಮರದ ಅಟ್ಟದ ಮೇಲಿದ್ದ ರೈತನನ್ನು, ಎರಡು ದಿನದ ಹಿಂದೆ ಬೆಳಗಿನ ಜಾವ ಕೆಳಗಿಳಿದಾಗ, ಆನೆ ತುಳಿದು ಕೊಂದಿತ್ತು. ಮೂವತ್ತೊಂದು ವರ್ಷ, ಎರಡು ಮಕ್ಕಳು. ನಮ್ಮ ಕಡೆ ಜೋಳದ ಹೊಲದಲ್ಲಿ ಮಂಚಿಗೆ ಮೇಲೆ ನಿಂತು ಕವಣೆ ಬೀಸುವವರಿಗೆ ಗಿಳಿ, ಗುಬ್ಬಿ ವೈರಿ. ಇಲ್ಲಿ ವೈರಿಯೇ ಬೇರೆ. ಜನ ದಾರಿ ತುಂಬಿದ್ದರಿಂದ ಬಸ್ಸು ಮುಂದೆ ಹೋಗುವಂತಿರಲಿಲ್ಲ.

"ನಾವೂ ಹೋಗಿ ನಿಂದ್ರೋಣ. ಸತ್ತವರ ಮನಿ ದಾಟಿ ಹ್ಯಾಂಗ ಹೋಗೋದು?" ಎಂದು ಮುತ್ಯಾ ಎಲ್ಲರಿಗಿಂತ ಮೊದಲು ಇಳಿದ.

ಅಂಗಳದಲ್ಲಿ ಮುಚ್ಚಿದ ಪೆಟ್ಟಿಗೆ. ಸುತ್ತ ಬಿಳಿ ಉಟ್ಟ ಜನ. ಗೋಳಾಟವಿಲ್ಲ, ಒಬ್ಬ ಹೆಂಗಸಿನ ಬಿಕ್ಕು ಮಾತ್ರ ತಡೆತಡೆದು ಕೇಳುತ್ತಿತ್ತು. ಐವರು ಭಿಕ್ಷುಗಳು ಕುರ್ಚಿಗಳಲ್ಲಿ ಕುಳಿತಿದ್ದರು. ಮನೆಯವರು ಮಡಿಸಿದ ಬಿಳಿ ಬಟ್ಟೆಯೊಂದನ್ನು ನಾಲ್ಕಾರು ಕೈ ಹಚ್ಚಿ ಹಿಡಿದು ಏನೋ ಹೇಳಿ ಹಿರಿಯ ಭಿಕ್ಷುವಿಗೆ ಅರ್ಪಿಸಲು ಎತ್ತಿದರು. ಸತ್ತವನ ಬಟ್ಟೆ ಎಂದೇ ಅದಕ್ಕೆ ಹೆಸರಂತೆ. ಆ ಕಾಡಿನ ಭಿಕ್ಷುಗಳ ವ್ರತ ಇವತ್ತಿಗೆ ಈ ಶಾಸ್ತ್ರವಾಗಿ ಉಳಿದಿದೆ, ಬಟ್ಟೆ ಮಾತ್ರ ಈಗ ಹೊಸದು ಎಂದು ಸುನಿಲ್ ನನ್ನ ಕಿವಿಯಲ್ಲಿ ಹೇಳುತ್ತಿದ್ದ.

ಮುತ್ಯಾನನ್ನು ಹುಡುಕಿದೆ. ನಮ್ಮವರೆಲ್ಲ ಒಳಗೆ ಚಪ್ಪರದ ಕೆಳಗೆ ನಿಂತಿದ್ದರು. ಅವನು ಗೇಟಿನ ಹೊರಗೆ, ಎಡಗಡೆ, ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಬಟ್ಟೆ ಮೇಲೆದ್ದ ಕೂಡಲೇ ಅವನ ಎರಡೂ ಕೈ ಧೋತರದ ಅಂಚು ಹಿಡಿದು ಉಡಿಯೊಡ್ಡಿದವು. ತಲೆ ಬಾಗಿತು. ಎಷ್ಟು ವರ್ಷ ಹಾಗೆ ಕುಳಿತಿದ್ದನೋ, ಮೈ ಅದನ್ನು ಮರೆತಿರಲಿಲ್ಲ.

ಅಷ್ಟೂ ಜನ ತಿರುಗಿ ನೋಡಿದರು. ಒಬ್ಬರೂ ನಗಲಿಲ್ಲ, ಒಬ್ಬರಿಗೂ ತಿಳಿಯಲಿಲ್ಲ. ಸತ್ತವನ ತಾಯಿ ಇರಬೇಕು, ಎಲೆಯ ತಟ್ಟೆ ಹಿಡಿದು ಬಂದವರಿಗೆ ಕೊಡುತ್ತಿದ್ದ ಮುದುಕಿ, ಅವನ ಹತ್ತಿರ ಬಂದು ಬಗ್ಗಿ ಆ ಉಡಿಯೊಳಗೆ ಎರಡು ವೀಳ್ಯದೆಲೆ ಇಟ್ಟಳು. ಮನೆಗೆ ಬಂದ ಯಾರಿಗೂ ಕೊಡುವ ಹಾಗೆ. ಅನಂತರ ಕೈ ಜೋಡಿಸಿದಳು.

ಮುತ್ಯಾ ತನ್ನ ಉಡಿ ನೋಡಿಕೊಂಡ. ಬೆಂಕಿ ಬಿದ್ದಂತೆ ಎದ್ದ, ಎಲೆಗಳು ಮಣ್ಣಿಗೆ ಬಿದ್ದವು. ಮುದುಕಿ ಹೆದರಿ ಹಿಂದೆ ಸರಿದಳು. ಮಗ ಸತ್ತ ಮನೆಯಲ್ಲಿ ಆ ತಾಯಿಗೆ ನಾವು ಕೊಟ್ಟದ್ದು ಅದು. ಎಲೆ ಎತ್ತಿಕೊಂಡು ನಾನು ಏನೇನೋ ಕ್ಷಮೆ ಕೇಳಿದೆ, ಅವಳಿಗೆ ಭಾಷೆ ಬಾರದು.

ಆ ರಾತ್ರಿಯೂ ಮರುದಿನವೂ ಮುತ್ಯಾ ಊಟ ಮಾಡಲಿಲ್ಲ. ಪಾಲಿ ಮಾತುಗಳನ್ನೂ ಹೇಳಲಿಲ್ಲ.

ವಿಹಾರ, ಜನವರಿ 14

ಆದರೂ ಬೆಳಿಗ್ಗೆ ಮಿಂದು ಸಿದ್ಧನಾಗಿ ನಿಂತ. ಮಾಸ್ತರರ ಮುಖದಲ್ಲಿ ಎರಡು ದಿನದಿಂದ ಇಲ್ಲದ ಕಳೆ ಬಂತು. ಒಬ್ಬ ಯುವ ಭಿಕ್ಷು ಕ್ಷೌರದ ಕತ್ತಿ ಹಿಡಿದು ಅವನ ತಲೆ, ಗಡ್ಡ, ಮೀಸೆ ಬೋಳಿಸಿದ. ಕೂದಲು ಬೀಳಲೆಂದು ಬಿಳಿ ಬಟ್ಟೆ ಹಿಡಿದು ಮುಂದೆ ಕುಳಿತವಳು ನಾನು. ಮನೆಯವರೇ ಹಿಡಿಯಬೇಕಂತೆ. ಮೀಸೆ ಹೋದ ಮೇಲೆ ಕೆಳಗಿದ್ದ ತುಟಿಯನ್ನು ನಾನು ನೋಡಿದ್ದು ಮೊದಲ ಸಲ. ಅವ್ವನ ತುಟಿಯ ಹಾಗೆಯೇ ಇತ್ತು.

ಹಿರಿಯ ಭಿಕ್ಷು ಎಂಬತ್ತು ದಾಟಿದವರು. ಮಾಸ್ತರರು ತರಿಸಿದ್ದ ಹೊಸ ಚೀವರವನ್ನು ಮುತ್ಯಾ ಎರಡೂ ಕೈಯಲ್ಲಿ ಹೊತ್ತು ಹೋಗಿ ಅವರಿಗೆ ಕೊಟ್ಟ. ಮುಂದೆ ಮೊಣಕಾಲೂರಿ ಕುಳಿತ. ಇನ್ನು ಅವನು 212 ಸಲ ಹೇಳಿದ್ದನ್ನು ಹೇಳಬೇಕು.

ಹೇಳಲಿಲ್ಲ. ಹಿರಿಯ ಭಿಕ್ಷು ಮೊದಲ ಪದ ನೆನಪಿಸಿದರು. ಮುತ್ಯಾ ತಿರುಗಿ ನನ್ನತ್ತ ನೋಡಿದ. "ಸುಜಾ, ಇದರ ಅರ್ಥ ಏನು?"

"ಮಾಣಿಕಪ್ಪ, ಅರ್ಥ ಆಮ್ಯಾಲ ಹೇಳ್ತೀನಿ. ಮೊದಲ ಹೇಳಿ ಮುಗಸ್ರಿ," ಎಂದರು ಮಾಸ್ತರರು.

"ನಾ ಹುಡುಗಿಗಿ ಕೇಳಾಕತ್ತೀನಿ ಮಾಸ್ತರ."

ಪಕ್ಕದ ಯುವ ಭಿಕ್ಷುವನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಹೇಳಿದ. ಈ ಸಲ ಸುಳ್ಳು ಹೇಳಬೇಕು ಅನ್ನಿಸಿತು. ಆ ಬೋಳು ತಲೆ, ಬಾಡಿದ ಮುಖ ನೋಡಿ ಇವನು ಇಲ್ಲೇ ಇದ್ದುಬಿಡಲಿ ಅನ್ನಿಸಿತು. ಆದರೆ ಎರಡು ದಿನದ ಹಿಂದೆ ನಿಜ ಹೇಳಿದ್ದ ಬಾಯಿಂದ ಸುಳ್ಳು ಹೊರಡಲಿಲ್ಲ.

"ದಯಾ ಮಾಡಿ ಆ ಅರಿವಿ ನನಗ ಕೊಡ್ರಿ ಅಂತ ಬೇಡಬೇಕು, ಮುತ್ಯಾ."

"ಎಷ್ಟ್ ಸಲ?"

"ಮೂರ್ ಸಲ."

ಮುತ್ಯಾ ಮುಂದಕ್ಕೆ ತಿರುಗಿದ. ಅವನ ಬಾಯಿ ತೆರೆಯಿತು. ಕೈಗಳೆರಡೂ ಜೋಡಿಸಿಯೇ ಇದ್ದವು. ನನ್ನ ಗಡಿಯಾರದಲ್ಲಿ ನಾಲ್ಕು ನಿಮಿಷ ಹಾಗೆಯೇ ಕುಳಿತಿದ್ದ. ಹಿರಿಯ ಭಿಕ್ಷು ಅವಸರ ಮಾಡಲಿಲ್ಲ. ಕೊನೆಗೆ ಮುತ್ಯಾ ಮೂರು ಸಲ ನೆಲಕ್ಕೆ ಹಣೆ ಹಚ್ಚಿದ, ಎದ್ದ. "ನನ್ನಿಂದ ಆಗಂಗಿಲ್ರಿ ಭಂತೇಜಿ," ಎಂದ ಕನ್ನಡದಲ್ಲೇ. "ಅರಿವಿ ಬೇಡೋದು ನನಗ ಇನ್ನ ಆಗಂಗಿಲ್ಲ. ತಪ್ಪು ನಿಮ್ಮದಲ್ಲ."

ಮಾಸ್ತರರು ಅನುವಾದ ಮಾಡಲಿಲ್ಲ, ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನಾನೇ ಮಾಡಿದೆ. ಹಿರಿಯ ಭಿಕ್ಷು ಒಂದೇ ಮಾತು ಹೇಳಿದರು: ಚೀವರವಿಲ್ಲದೆಯೂ ನಮ್ಮ ಜೊತೆ ಉಣ್ಣಬಹುದು. ಮುತ್ಯಾ ಅಂದು ಅವರ ಪಂಕ್ತಿಯ ಕೊನೆಯಲ್ಲಿ ಕುಳಿತು ಉಂಡ. ಎರಡು ದಿನದಲ್ಲಿ ಅದೇ ಅವನ ಮೊದಲ ಊಟ.

ರೈಲಿನಲ್ಲಿ, ಜನವರಿ 17

ಮದ್ರಾಸಿನಿಂದ ಹೈದರಾಬಾದಿಗೆ ಬರುವ ಗಾಡಿ. ಮುತ್ಯಾ ಕಿಟಕಿಯ ಪಕ್ಕ. ತಲೆಗೆ ಪಟಗ ಸುತ್ತಲು ಒಪ್ಪಿರಲಿಲ್ಲ. ಇಡೀ ಡಬ್ಬಿಯಲ್ಲಿ ಅವನ ಜೊತೆ ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ.

"ಮುತ್ಯಾ," ಎಂದೆ, "ಕಾಡಿನ್ಯಾಗ ನಾ ಹೇಳಿದ್ದು... ನೀ ಹೊಳ್ಳಿ ಬರಲಿ ಅಂತ ಬೇಕಂತನೇ ಹೇಳಿದೆ."

"ಗೊತ್ತದ."

"ಯಾವಾಗ ಗೊತ್ತಾತು?"

"ಅವಾಗೇ. ನೀ ಸಣ್ಣಾಕಿದ್ದಾಗಿಂದ ನಿನ್ನ ಮಾರಿ ನೋಡೀನಿ." ಹೊರಗೆ ಬಯಲು ಓಡುತ್ತಿತ್ತು. "ಖರೆ ಹೇಳಿದಿ, ತಪ್ಪಿಲ್ಲ. ಆದ್ರ ಮಾಸ್ತರನ ಸುಳ್ಳು ಛಲೋ ಇತ್ತವಾ. ಅದರಾಗ ನಾ ಸುಖದಿಂದ ಸಾಯ್ತಿದ್ದೆ."

ಡೈರಿಯಲ್ಲಿ ಆ ದಿನದ ಪುಟಕ್ಕೆ ತಾರೀಖು ಮಾತ್ರ ಇದೆ.

ಮನ್ನಾಏಖೇಳ್ಳಿ, ಜನವರಿ 18

ಹೈದರಾಬಾದಿನಿಂದ ಬರುವ ಬಸ್ಸು ಮನ್ನಾಏಖೇಳ್ಳಿಯಲ್ಲಿ ಚಹಾಕ್ಕೆ ನಿಂತಿತು. ಹುಮನಾಬಾದ್ ಇನ್ನೇನು ದೂರವಿಲ್ಲ. ಗಾಳಿ ಒಣಗಿತ್ತು, ಅಂಗಡಿಯಲ್ಲಿ ಮಿರ್ಚಿ ಕರಿಯುವ ವಾಸನೆ. ಜೋಳ ತೆನೆಗೆ ಬಂದಿತ್ತು.

ಮುತ್ಯಾನ ಹಳ್ಳಿಯ ಪಾಟೀಲರು ಅಲ್ಲಿ ಬಸ್ಸಿಗೆ ಕಾಯುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ, ಮುತ್ಯಾನಿಗಿಂತ ಎಷ್ಟೋ ಸಣ್ಣವರು. ಮುತ್ಯಾನ ಬೋಳು ತಲೆ, ಬೋಳು ತುಟಿ ನೋಡಿ ಅವರಿಗೆ ಮೊದಲು ಗುರುತು ಹತ್ತಲಿಲ್ಲ. ನಮ್ಮ ಕಡೆ ಹಿರಿಯ ಗಂಡಸು ಮೀಸೆ ತೆಗೆಸಿದರೆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ.

"ಏ ಮಾಣಿಕ್ಯಾ, ನೀನೇನೋ?" ಎಂದರು ಗ್ಲಾಸು ಕೆಳಗಿಟ್ಟು. "ಯಾರ್ ಹೋದ್ರೋ?"

ಮಾಸ್ತರರು ಉತ್ತರ ಕೊಡಲು ಮುಂದೆ ಬಂದರು. ಮುತ್ಯಾ ಅವರನ್ನು ತಡೆದು ನೆಟ್ಟಗೆ ನಿಂತ.

"ನಮ್ಮಪ್ಪ ಹೋದ್ರಿ ಪಾಟೀಲ್ರ."

ಪಾಟೀಲರು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು. "ನಿಮ್ಮಪ್ಪ ಸತ್ತು ಐವತ್ತು ವರ್ಷ ಆಗ್ಲಿಕ್ಕೆ ಬಂತಲ್ಲೋ!"

"ಹೌದ್ರಿ. ಎಲ್ಲಾರ ಸಾವಿನ ಖಬರು ಅಂವ ಒಯ್ತಿದ್ದ. ಅಂವನ ಖಬರು ತರೋರು ಯಾರೂ ಇದ್ದಿಲ್ಲ," ಎಂದ ಮುತ್ಯಾ. "ನನಗ ಈಗ ಮುಟ್ಟೇದ."

ಚಾಲಕ ಹಾರ್ನ್ ಹೊಡೆದ. ಮುತ್ಯಾ ಬಸ್ಸಿನ ಮೆಟ್ಟಿಲ ಹತ್ತಿರ ಬಂದು ನನ್ನ ಹೆಗಲು ಹಿಡಿದ. ಆಗಲೇ ಅವನ ಅಳು ಹೊರಗೆ ಬಂದದ್ದು. ಸತ್ತ ಮನೆಯಲ್ಲಿ ನಮ್ಮವರು ಅಳುವ ಹಾಗೆ, ದನಿ ತೆಗೆದು, ಅಪ್ಪನ ಹೆಸರು ಹಿಡಿದು ಅತ್ತ. ಬಸ್ಸಿನಲ್ಲಿದ್ದವರೆಲ್ಲ ಇಳಿದು ಬಂದು ಅವನ ಸುತ್ತ ನಿಂತರು.